ನಾಲ್ಕು ಅಮಾವಾಸ್ಯೆ, ಒಂದು ಕಾರಿನ ಬಾಗಿಲು

ನಮ್ಮ ಮನೆಯ ಕಾರಿನ ಎಡಗಡೆಯ ಹಿಂದಿನ ಬಾಗಿಲನ್ನು ಕೆಡಿಸಿದ್ದು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಆಮೇಲಿನ ನಾಲ್ಕು ತಿಂಗಳು ಮನೆಯಲ್ಲಿ ನಾನು ಯಾರ ಜೊತೆ ಯಾವ ವಿಷಯಕ್ಕೆ ವಾದ ಮಾಡಿದರೂ ಕೊನೆಗೆ ಬರುತ್ತಿದ್ದುದು ಒಂದೇ ಮಾತು: "ಮೊದ್ಲು ಬಾಗ್ಲು ಸರಿಮಾಡು."

ತೊಂಬತ್ತರ ದಶಕದ ಶುರುವಿನ ಸಂಗತಿ ಇದು. ದೊಡ್ಡಬಳ್ಳಾಪುರದಲ್ಲಿ ನನ್ನನ್ನು ಕೊಟ್ಟ ಮನೆಯಲ್ಲಿ ಆರು ಪವರ್‌ಲೂಮ್ ಮಗ್ಗಗಳಿದ್ದವು. ನಡುವೆ ಅಂಗಳ, ಒಂದು ಪಕ್ಕಕ್ಕೆ ನಾವಿರುವ ಮನೆ, ಇನ್ನೊಂದು ಪಕ್ಕಕ್ಕೆ ಮಗ್ಗದ ಶೆಡ್ಡು. ಅಂಗಳದಲ್ಲಿ ಮಾವ ಹಳೆಯದಾಗಿ ಕೊಂಡು ತಂದ ತಿಳಿನೀಲಿ ಕಾರು. ಮಾವನಿಗೆ ಓಡಿಸಲು ಬರುತ್ತಿರಲಿಲ್ಲ. ನನ್ನ ಗಂಡ ದಿನಾ ಬಸ್ಸಿನಲ್ಲಿ ಬೆಂಗಳೂರಿನ ಆಫೀಸಿಗೆ ಹೋಗಿಬರುತ್ತಿದ್ದರು, ಭಾನುವಾರ ಮಾತ್ರ ಕಾರು ತೆಗೆಯುತ್ತಿದ್ದರು. ಉಳಿದ ಆರು ದಿನ ಅದು ಬಿಸಿಲು ಕಾಯುತ್ತ ನಿಂತಿರುತ್ತಿತ್ತು. ನಾನು ಮಾತ್ರ ರೇಷ್ಮೆ ನೂಲಿನ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಬಣ್ಣ ಹಾಕಿಸಲು ಆಟೋದಲ್ಲಿ ಬಣ್ಣದ ಮನೆಗೆ ಹೋಗಿ ಬರುತ್ತಿದ್ದೆ. ಒಮ್ಮೆ ದಾರಿಯಲ್ಲಿ ಮಳೆ ಹೊಡೆದು, ಆಗಷ್ಟೇ ಬಣ್ಣ ಕುಡಿದು ಒಣಗಿದ್ದ ನೂಲೆಲ್ಲ ನೆನೆದುಹೋಯಿತು. ಆಟೋದ ಪಕ್ಕದ ಪರದೆ ಹರಿದಿತ್ತು. ಅದೇ ಹೊತ್ತಿಗೆ ಮನೆಯಲ್ಲಿ ಕಾರು ಸುಮ್ಮನೆ ನಿಂತಿತ್ತು. ಹೊಟ್ಟೆ ಉರಿದುಹೋಯಿತು ನನಗೆ. ಕಾರು ಕಲಿಯಲೇಬೇಕೆಂದು ಅವತ್ತೇ ತೀರ್ಮಾನ ಮಾಡಿದೆ.

ಗಂಡ ಕಲಿಸಿದರು. ಬೈದುಕೊಂಡೇ ಕಲಿಸಿದರು, ಆದರೆ ಕಲಿಸಿದರು. ಲೈಸೆನ್ಸೂ ಬಂತು. ಲೈಸೆನ್ಸ್ ಕೈಗೆ ಬಂದ ಒಂಬತ್ತನೇ ದಿನ, ಒಬ್ಬಳೇ ಬಣ್ಣದ ಮನೆಗೆ ಹೋಗಿ ವಾಪಸ್ಸು ಬರುವಾಗ, ಅಷ್ಟು ದೂರ ನೆಟ್ಟಗೆ ಬಂದವಳು ನಮ್ಮದೇ ಗೇಟಿನಲ್ಲಿ ಎಡವಟ್ಟು ಮಾಡಿಕೊಂಡೆ. ಗೇಟಿನ ಕಬ್ಬಿಣದ ಅಗುಳಿ ಹೊರಗೆ ಚಾಚಿಕೊಂಡಿತ್ತು. ಕರ್ರ್ ಎಂದು ಶಬ್ದ ಬಂತು. ನಿಲ್ಲಿಸುವಷ್ಟರಲ್ಲಿ ಬಾಗಿಲಿನ ಉದ್ದಕ್ಕೂ ಮೊಳ ಉದ್ದದ ಗೀರು ಬಿದ್ದಾಗಿತ್ತು.

ಮಾವ ಜಗಲಿಯ ಮೇಲೆ ಕೂತು ಸೀರೆ ನೋಡುತ್ತಿದ್ದರು. ನೋಡುವುದೆಂದರೆ ಕಣ್ಣಿನಿಂದಲ್ಲ. ಮಗ್ಗದಿಂದ ಇಳಿದ ಪ್ರತಿ ಸೀರೆಯನ್ನೂ ತೊಡೆಯ ಮೇಲೆ ಹರಡಿ, ಕಣ್ಣು ಮುಚ್ಚಿಕೊಂಡು, ಬಲಗೈ ಹೆಬ್ಬೆಟ್ಟನ್ನು ಅಂಚಿನಿಂದ ಅಂಚಿಗೆ ಸರಿಸುತ್ತ ಹೋಗುತ್ತಿದ್ದರು. ಎಲ್ಲಿ ಎಳೆ ತಪ್ಪಿದೆಯೋ, ಎಲ್ಲಿ ಗಂಟು ಬಿದ್ದಿದೆಯೋ, ಅಲ್ಲಿ ಹೆಬ್ಬೆಟ್ಟು ನಿಲ್ಲುತ್ತಿತ್ತು. ನಮ್ಮ ಬೀದಿಯಲ್ಲಿ ಎಲ್ಲರೂ ಆ ಹೆಬ್ಬೆಟ್ಟಿನ ಮಾತಾಡುತ್ತಿದ್ದರು. ನಮ್ಮ ಮನೆಯ ಸೀರೆಯನ್ನು ಬೆಂಗಳೂರಿನ ಅಂಗಡಿಯವರು ಬಿಚ್ಚಿಯೂ ನೋಡದೆ ಇಳಿಸಿಕೊಳ್ಳುತ್ತಾರೆ ಎಂಬುದು ಮಾವನ ಹೆಮ್ಮೆ. ನಮ್ಮ ಶೆಡ್ಡಿನಲ್ಲಿ ಒಂದು ನಿಯಮವೂ ಇತ್ತು. ಎಳೆ ತಪ್ಪಿಸಿದವನೇ ಕೂತು ಅಷ್ಟನ್ನೂ ಬಿಚ್ಚಬೇಕು, ಅವನೇ ಮತ್ತೆ ನೇಯಬೇಕು. ಪಕ್ಕದ ಮಗ್ಗದವನು ಕೈ ಹಾಕುವ ಹಾಗಿಲ್ಲ.

ಮಾವ ಎದ್ದು ಬಂದರು. ಆ ಗೀರಿನ ಮೇಲೆ ಹೆಬ್ಬೆಟ್ಟಿಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ಆಮೇಲೆ ನನ್ನ ಕೈಯಿಂದ ಕೀ ತೆಗೆದುಕೊಂಡರು.

"ಇದು ನನ್ನ ಹೆಬ್ಬೆಟ್ಟಿಗೆ ಸಿಗ್ದಂಗೆ ಆಗ್ಬೇಕು. ಅಲ್ಲೀವರ್ಗೂ ಕೀ ಮುಟ್ಬೇಡ ಕಣಮ್ಮ. ಗ್ಯಾರೇಜಿಗೆ ಕೊಡೋ ಹಾಗಿಲ್ಲ. ನೀನೇ ಮಾಡಿದ್ದು, ನೀನೇ ಬಿಚ್ಬೇಕು."

ಕೀ ಹೋಗಿ ಶೆಡ್ಡಿನ ಸ್ವಿಚ್ ಬೋರ್ಡಿನ ಪಕ್ಕದ ಮೊಳೆಗೆ ನೇತುಬಿತ್ತು. ದಿನಕ್ಕೆ ಹತ್ತು ಸಲ ಅದರ ಮುಂದೆ ಓಡಾಡಬೇಕಿತ್ತು ನಾನು. ಅತ್ತೆ, "ಒಳ್ಳೇದೇ ಆಯ್ತು ಬಿಡು, ಹೆಂಗಸ್ರಿಗೆ ಯಾಕೆ ಸ್ಟೇರಿಂಗು" ಅಂದರು. ಗಂಡ, "ಅಪ್ಪನ ಹೆಬ್ಬೆಟ್ಟಿಂದ ಯಾವನೂ ತಪ್ಪಿಸ್ಕೊಂಡಿಲ್ಲ, ನಿನ್ ಕೈಲಿ ಆಗಲ್ಲ ಬಿಡು" ಅಂದರು. ಅತ್ತೆಯ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಗಂಡನ ಮಾತು ಮಾತ್ರ ಚುಚ್ಚಿತು. ನನ್ನ ಕೈಲಿ ಆಗಲ್ಲ ಎಂದು ಯಾರಾದರೂ ಅಂದರೆ ನನಗೆ ಅನ್ನ ಇಳಿಯುವುದಿಲ್ಲ, ಇವತ್ತಿಗೂ ಅಷ್ಟೇ.

ನಾನೂ ಏನೂ ಕೆಲಸ ಗೊತ್ತಿಲ್ಲದವಳಲ್ಲ. ನನ್ನಪ್ಪ ಇದೇ ಊರಿನಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದವರು. ಗಿಣಿಹಸಿರಿಗೂ ಎಲೆಹಸಿರಿಗೂ ನಡುವಿನ ಮೂರು ಹಸಿರನ್ನು ನಾನು ಶಾಲೆ ಸೇರುವ ಮುಂಚೆಯೇ ಗುರುತಿಸುತ್ತಿದ್ದೆ. ಒಂದು ಬಾಗಿಲಿನ ನೀಲಿ ನನ್ನನ್ನು ಏನು ಮಾಡೀತು ಅಂದುಕೊಂಡೆ.

ಅರಿಶಿನಕುಂಟೆಯಲ್ಲಿ ನನ್ನ ಚಿಕ್ಕಮ್ಮನ ಮನೆ. ಅವರ ಮನೆಯ ಎದುರಿಗೆ, ಹೈವೇ ಬದಿಯಲ್ಲಿ, ಲಾರಿಗಳಿಗೆ ಬಣ್ಣ ಹೊಡೆಯುವ ಒಬ್ಬರು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ನೆಲಮಂಗಲದ ಬಸ್ಸು ಹತ್ತಿ ಹೋಗಿ ಅವರ ಮುಂದೆ ನಿಂತೆ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕ ಅನ್ನುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಗೀರು ದೊಡ್ಡದಲ್ಲ ಅಕ್ಕ. ಬಾಗ್ಲು ಕೆಳಗಡೆ ಬಣ್ಣ ಗುಳ್ಳೆ ಎದ್ದಿದ್ಯಾ ನೋಡಿ. ಎದ್ದಿದ್ರೆ ಒಳಗೆ ತುಕ್ಕು ಐತೆ ಅಂತ. ಅದನ್ನ ಬೇರು ಸಮೇತ ತೆಗೀದೆ ಮೇಲೆ ಏನ್ ಬಳಿದ್ರೂ ದಂಡ" ಅಂದರು. ತಂತಿಬ್ರಷ್ಷು, ನೀರು ಹಾಕಿ ಉಜ್ಜುವ ಉಪ್ಪುಕಾಗದ, ತಗ್ಗು ತುಂಬಲು ಪುಟ್ಟಿ, ಅದರ ಮೇಲೆ ಕೆಂಪು ಪ್ರೈಮರು, ಆಮೇಲೆ ಬಣ್ಣ, ಹೀಗೆ ಎಲ್ಲವನ್ನೂ ಕೈಸನ್ನೆ ಮಾಡಿ ತೋರಿಸಿ ಕಳಿಸಿದರು.

ಮನೆಗೆ ಬಂದು ನೋಡಿದರೆ ಗುಳ್ಳೆ ಎದ್ದಿತ್ತು. ಉಗುರಿನಿಂದ ಕೆರೆದೆ, ಬಣ್ಣ ಹಪ್ಪಳದ ಹಾಗೆ ಮುರಿದು ಬಂತು. ಕೆಳಗೆ ಕಂದು ಪುಡಿ. ಬಾಗಿಲಿನ ಒಳಗಿನ ಹಲಗೆ ಬಿಚ್ಚಿದೆ. ಕಾರಿನ ಬಾಗಿಲಿನ ತಳದಲ್ಲಿ ಮಳೆನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮ ಕಾರಿನಲ್ಲಿ ಆ ತೂತುಗಳನ್ನೆಲ್ಲ ಮಗ್ಗದ ಧೂಳು ಮುಚ್ಚಿತ್ತು. ಮಗ್ಗ ಓಡುವಾಗ ನೂಲಿನಿಂದ ಏಳುವ ನವುರು ನಮ್ಮ ಮನೆಯಲ್ಲಿ ಎಲ್ಲಿ ಕೂರುವುದಿಲ್ಲ ಹೇಳಿ? ಅನ್ನದ ತಟ್ಟೆಯಲ್ಲಿ, ದೇವರ ಪಟದ ಮೇಲೆ, ಹೆಣ್ಣುಮಕ್ಕಳ ಹುಬ್ಬಿನಲ್ಲಿ. ಬಾಗಿಲಿನ ಸಂದಿಯಲ್ಲೂ ಇಳಿದು, ಮಳೆಗೆ ನೆನೆದು, ಉಂಡೆಗಟ್ಟಿ ಕೂತಿತ್ತು. ಕಡ್ಡಿ ಹಾಕಿ ಎಳೆದೆ. ಅಂಗೈ ತುಂಬುವಷ್ಟು ಒದ್ದೆ ಮುದ್ದೆ ಬಂತು, ಅದರಲ್ಲಿ ನಾವು ಎರಡು ವರ್ಷ ನೇಯ್ದ ಸೀರೆಗಳ ಬಣ್ಣವೆಲ್ಲ ಒಂದರ ಮೇಲೊಂದು ಪದರವಾಗಿತ್ತು. ಅರಿಶಿನ, ಕೆಂಪು, ನೇರಳೆ. ಒಂದು ಗಳಿಗೆ ಸಿಟ್ಟು ಮರೆತು ನೋಡುತ್ತ ನಿಂತೆ. ಆಮೇಲೆ ಅದನ್ನು ತೆಗೆದುಕೊಂಡು ಹೋಗಿ ಜಗಲಿಯ ಮೇಲೆ ಮಾವನ ಮುಂದಿಟ್ಟು, "ಗೀರು ನಂದು ಮಾವ. ತುಕ್ಕು ನಿಮ್ಮ ಮಗ್ಗದ್ದು" ಅಂದೆ.

ಮಾವ ಆ ಮುದ್ದೆಯನ್ನು ನೋಡಿದರು. "ಎರಡೂ ನೀನೇ ತೆಗಿ" ಅಂದರು.

ತೆಗೆದೆ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಸಿಗುತ್ತಿದ್ದ ಒಂದು ಗಂಟೆಯಲ್ಲಿ ದಿನಾ ಕೂತು ತಂತಿಬ್ರಷ್ಷಿನಲ್ಲಿ ತಿಕ್ಕಿದೆ. ಬೆರಳಿನ ಗಿಣ್ಣುಗಳೆಲ್ಲ ತರಚಿಹೋದವು. ಕಂದು ಹೋಗಿ ಕಪ್ಪು ಚುಕ್ಕೆಗಳು ಉಳಿದವು. ಚುಕ್ಕೆ ಬಿಟ್ಟರೆ ಅಲ್ಲಿಂದಲೇ ಮತ್ತೆ ತುಕ್ಕು ಹಿಡಿಯುತ್ತದೆಂದು ಅರಿಶಿನಕುಂಟೆಯವರು ಹೇಳಿದ್ದರು, ಅದಕ್ಕೆ ಅವೂ ಹೋಗುವ ತನಕ ಬಿಡಲಿಲ್ಲ. ಹನ್ನೊಂದನೇ ದಿನ ಕಬ್ಬಿಣ ಬೆಳ್ಳಗೆ ಹೊಳೆಯಿತು. ಪುಟ್ಟಿ ತುಂಬಿ, ಒಣಗಿಸಿ, ನೀರು ಚಿಮುಕಿಸಿ ಉಜ್ಜಿ, ಪ್ರೈಮರು ಹಚ್ಚಿದೆ. ಕಣ್ಣು ಮುಚ್ಚಿ ನನ್ನ ಹೆಬ್ಬೆಟ್ಟಿನಿಂದಲೇ ಮುಟ್ಟಿ ನೋಡುವುದನ್ನೂ ಕಲಿತೆ. ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಬರಬರುತ್ತ ಕೂದಲಿನಷ್ಟು ಏರೂ ಸಿಗತೊಡಗಿತು.

ಇನ್ನು ಬಣ್ಣ. ಮಗ್ಗ ಓಡುವ ದಿನ ಆ ಅಂಗಳದಲ್ಲಿ ಹಸಿ ಬಣ್ಣ ಬಳಿದರೆ ಗಂಟೆಯೊಳಗೆ ಬಾಗಿಲಿಗೆ ರೋಮ ಬಂದಿರುತ್ತದೆ. ಮಗ್ಗ ನಿಲ್ಲುವುದು ತಿಂಗಳಿಗೆ ಒಂದೇ ದಿನ, ಅಮಾವಾಸ್ಯೆ. ನೇಕಾರರಿಗೆ ಅವತ್ತು ರಜ. ಹಾಗಾಗಿ ನನಗೆ ಸಿಗುವುದು ತಿಂಗಳಿಗೆ ಒಂದು ದಿನ. ಕೆಟ್ಟರೆ ಮುಂದಿನ ಅಮಾವಾಸ್ಯೆಯ ತನಕ ಕಾಯಬೇಕು. "ಅಮಾಸೆ ದಿನ ಹೊಸ ಕೆಲ್ಸ ಹಿಡೀತಾರಾ ಯಾರಾದ್ರೂ?" ಎಂದು ಅತ್ತೆ ಮುಖ ಗಂಟಿಕ್ಕಿದರು. "ಹೊಸದಲ್ಲ ಅತ್ತೆ, ಹಳೇ ತಪ್ಪನ್ನ ಸರಿಮಾಡೋದು" ಅಂದು ಬಾಯಿ ಮುಚ್ಚಿಸಿದೆ.

ಕಾರಿನ ನೀಲಿ ಬಿಸಿಲಿಗೆ ಮಾಸಿ, ಅಂಗಡಿಯ ಯಾವ ಡಬ್ಬಿಯ ನೀಲಿಗೂ ಹೊಂದುತ್ತಿರಲಿಲ್ಲ. ನೀಲಿ, ಬಿಳಿ, ಚೂರು ಕಪ್ಪು, ತೊಟ್ಟು ಹಳದಿ ತಂದು ನಾನೇ ಕಲೆಸಿದೆ. ಅಪ್ಪನ ಬಣ್ಣದ ಹಂಡೆಯ ಮುಂದೆ ಬೆಳೆದವಳಿಗೆ ಒಂದು ಮಾತು ರಕ್ತದಲ್ಲೇ ಇತ್ತು: ಹಸಿಯಲ್ಲಿ ಒಂದು ಮೆಟ್ಟಿಲು ಗಾಢವಾಗಿರಲಿ, ಒಣಗಿದಾಗ ಸರಿಹೋಗುತ್ತದೆ. ಒದ್ದೆ ನೂಲು ಯಾವಾಗಲೂ ಕಪ್ಪಾಗಿ ಕಾಣುತ್ತದೆ, ಒಣಗಿದರೆ ತಿಳಿಯಾಗುತ್ತದೆ. ಆ ಲೆಕ್ಕದಂತೆ ಕಾರಿನ ಬಣ್ಣಕ್ಕಿಂತ ಒಂದು ಮೆಟ್ಟಿಲು ಗಾಢವಾಗಿ ಕಲೆಸಿದೆ. ಮೊದಲ ಅಮಾವಾಸ್ಯೆಯ ಮಧ್ಯಾಹ್ನ ಸುತ್ತಲೂ ಹಳೆ ಪೇಪರ್ ಅಂಟಿಸಿ, ಸೊಳ್ಳೆಗೆ ಔಷಧಿ ಹೊಡೆಯುವ ಕೈಪಂಪನ್ನು ತೊಳೆದು ಅದರಲ್ಲೇ ಹೊಡೆದೆ. ಸಂಜೆಗೆ ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಬೆಳಗ್ಗೆ ಎದ್ದು ನೋಡಿದರೆ ಬಾಗಿಲಿಗೆ ಯಾರೋ ಗುದ್ದಿ ನೀಲಿಗಟ್ಟಿದ ಹಾಗಿತ್ತು. ಬಣ್ಣ ಒಣಗಿ ತಿಳಿಯಾಗುವ ಬದಲು ಇನ್ನೊಂದು ಮೆಟ್ಟಿಲು ಗಾಢವಾಗಿತ್ತು. ಗಂಡ ಹಲ್ಲುಜ್ಜುತ್ತ ಬಂದವರು ಬ್ರಷ್ಷು ಬಾಯಲ್ಲಿಟ್ಟುಕೊಂಡೇ ನಕ್ಕರು. ಮಾವನ ಹೆಬ್ಬೆಟ್ಟೇ ಬೇಕಿರಲಿಲ್ಲ, ಬೀದಿಯ ತುದಿಯಿಂದ ಕಾಣುತ್ತಿತ್ತು. ಮತ್ತೆ ಬಸ್ಸು ಹತ್ತಿ ಅರಿಶಿನಕುಂಟೆಗೆ ಹೋದೆ. ಆ ಮನುಷ್ಯ ಲಾರಿಯ ಮೇಲಿಂದ ಕೆಳಗಿಳಿದು ಬಂದು ನಕ್ಕರು. "ಪೇಂಟು ನೂಲಲ್ಲ ಅಕ್ಕ, ಇದು ಒಣಗ್ತಾ ಒಣಗ್ತಾ ಕಪ್ಪಾಗ್ತದೆ. ನೇಯ್ಗೆಯವ್ರ ಮನೆಯವ್ರು ಬಿಟ್ರೆ ಇನ್ಯಾರೂ ಈ ತಪ್ಪು ಮಾಡಲ್ಲ" ಅಂದರು. ಅವಮಾನ ಆಯಿತು ನಿಜ. ಆದರೆ ಬರುವಾಗ ಬಸ್ಸಿನಲ್ಲಿ ನನಗೇ ನಗು ಬಂತು.

ಬಳಿದದ್ದನ್ನೆಲ್ಲ ಉಜ್ಜಿ ತೆಗೆದೆ. ಈ ಸಲ ತಗಡಿನ ಚೂರುಗಳ ಮೇಲೆ ಬಣ್ಣ ಬಳಿದು, ಒಣಗಿಸಿ, ಬಾಗಿಲಿನ ಪಕ್ಕ ಹಿಡಿದು ನೋಡಿದೆ. ಏಳನೆಯ ಚೂರು ಬಾಗಿಲಿನಲ್ಲಿ ಕರಗಿಹೋಯಿತು. ಗಂಡನನ್ನು ಕರೆದು ತೋರಿಸಿದೆ. ಅವರು ನಗಲಿಲ್ಲ. ಮುಂದಿನ ಭಾನುವಾರ ಅವರೇ ಇನ್ನಷ್ಟು ಉಪ್ಪುಕಾಗದ ತಂದುಕೊಟ್ಟರು.

ಎರಡನೆಯ ಅಮಾವಾಸ್ಯೆಗೆ ಬಿಸಿಲು ಪೂರ್ತಿ ಸಿಗಲೆಂದು ಬೆಳಗ್ಗೆಯೇ ಹೊಡೆದೆ. ಬಣ್ಣ ಕನ್ನಡಿಯ ಹಾಗೆ ಕೂತಿತು. ಕೈ ತೊಳೆದು ಬರುವಷ್ಟರಲ್ಲಿ ಶೆಡ್ಡಿನ ಬಾಗಿಲು ತೆರೆಯಿತು. ಅಮಾವಾಸ್ಯೆಯ ಬೆಳಗ್ಗೆ ಮಗ್ಗಗಳನ್ನು ಗುಡಿಸಿ ಒರೆಸಿ ಎಣ್ಣೆ ಹಾಕಿ ಪೂಜೆ ಮಾಡುವುದು ಪದ್ಧತಿ. ಹುಟ್ಟಿದಾಗಿನಿಂದ ನೋಡಿದ್ದೆ, ಅವತ್ತು ಮಾತ್ರ ಮರೆತಿದ್ದೆ. ಒಂದು ತಿಂಗಳಿನ ಧೂಳೆಲ್ಲ ಪೊರಕೆಯ ಮುಂದೆ ಮೋಡವಾಗಿ ಅಂಗಳಕ್ಕೆ ಬಂತು. "ನಿಲ್ಸಿ, ನಿಲ್ಸಿ!" ಎಂದು ಕಿರುಚಿಕೊಂಡು ಓಡಿದೆ. ನಮ್ಮ ಹಳೆಯ ಕೆಲಸಗಾರ, ಹದಿನೈದು ವರ್ಷದಿಂದ ಮಾವನ ಹತ್ತಿರವೇ ನೇಯುತ್ತಿದ್ದವನು, ಪೊರಕೆ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತ. ಬಾಗಿಲಿನ ಮೇಲೆ ಕೆಂಪು, ಹಳದಿ ನವುರು ಮೆತ್ತಿಕೊಂಡಾಗಿತ್ತು. ಅವತ್ತು ಅತ್ತುಬಿಟ್ಟೆ. ಸೋತೆನೆಂದು ಅತ್ತದ್ದಲ್ಲ, ಇನ್ನೊಂದು ತಿಂಗಳು ಆಟೋದಲ್ಲಿ ಓಡಾಡಬೇಕಲ್ಲ ಎಂಬ ಸಿಟ್ಟಿಗೆ.

ಆ ತಿಂಗಳೇ ಇನ್ನೊಂದು ಆಯಿತು. ಬೆಂಗಳೂರಿನ ಅಂಗಡಿಯಿಂದ ನಮ್ಮ ಎರಡು ಸೀರೆ ವಾಪಸ್ಸು ಬಂದವು. ಎರಡರಲ್ಲೂ ಎಳೆ ತಪ್ಪಿತ್ತು. ನಾನು ಆ ಮನೆಗೆ ಬಂದ ಮೇಲೆ ಒಂದು ಸೀರೆಯೂ ವಾಪಸ್ಸು ಬಂದದ್ದಿಲ್ಲ. ಮಾವ ಕೆಂಡಾಮಂಡಲವಾದರು. ಆ ಹಳೆಯ ಕೆಲಸಗಾರನನ್ನು ಎಲ್ಲರ ಎದುರಿಗೆ ನಿಲ್ಲಿಸಿಕೊಂಡು, "ನಂಗೆ ತೋರಿಸ್ದೆ ಮಡಿಸಿಟ್ಟಿದ್ದೀಯಾ ನೀನು, ಕಳ್ಳತನ ಮಾಡಿದ್ದೀಯಾ" ಎಂದು ಬೈದರು. "ತೋರಿಸಿದ್ದೆ ಯಜಮಾನ್ರೇ, ನೀವೇ ಕೈಯಾಡಿಸಿ ಸರಿ ಅಂದ್ರಿ" ಎಂದ ಅವನು. "ನನ್ನ ಕೈಗೆ ಸಿಗ್ದಿರೋ ಎಳೆ ಐತೇನೋ?" ಎಂದು ಮಾವ ಗುಡುಗಿದರು. ಅವನು ತಲೆ ತಗ್ಗಿಸಿದ. ನಾವೆಲ್ಲ ಮಾವನನ್ನೇ ನಂಬಿದೆವು. ನಾನೂ ನಂಬಿದೆ.

ಮೂರನೆಯ ಅಮಾವಾಸ್ಯೆ. ಪೂಜೆ ಮುಗಿಯಲಿ, ಧೂಳು ಕೂರಲಿ ಎಂದು ಕಾದೆ. ಅಂಗಳಕ್ಕೆಲ್ಲ ನೀರು ಚಿಮುಕಿಸಿದೆ. ಏಳನೆಯ ಚೂರಿನ ನೀಲಿಯನ್ನು ತೆಳ್ಳಗೆ ಮೂರು ಸಲ ಹೊಡೆದೆ, ಒಂದೊಂದಕ್ಕೂ ನಡುವೆ ಅರ್ಧ ಗಂಟೆ ಬಿಟ್ಟು. ಸಂಜೆಯ ತನಕ ಬಾಗಿಲ ಮುಂದೆಯೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತೆ. ಬೆಳಗ್ಗೆ ನೋಡಿದರೆ ಬಣ್ಣ ಹೊಂದಿತ್ತು. ಗೀರಿಲ್ಲ, ತುಕ್ಕಿಲ್ಲ, ನವುರಿಲ್ಲ. ಕಣ್ಣು ಮುಚ್ಚಿ ಹೆಬ್ಬೆಟ್ಟು ಆಡಿಸಿದೆ. ಹಿಡಿಕೆಯ ಕೆಳಗೆ, ನಾಲ್ಕು ಬೆರಳಿನ ದೂರದಲ್ಲಿ, ಹೆಬ್ಬೆಟ್ಟು ತಡೆಯಿತು. ಹಳೆಯ ಬಣ್ಣವೂ ಪುಟ್ಟಿಯೂ ಸೇರುವ ಕಡೆ ಸಣ್ಣ ಏರು. ಕಣ್ಣಿಗೆ ಕಾಣದು, ಬೆರಳಿಗೆ ಸ್ಪಷ್ಟ. ಅಲ್ಲಿ ನಾನು ಸಾಕಷ್ಟು ಉಜ್ಜಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ಅದನ್ನು ಯಾರಿಗೂ ಹೇಳಲಿಲ್ಲ. ನಾನು ಕಾದದ್ದು ಸಾಕಾಗಿತ್ತು. ಒಂದು ಸಲ, ಒಂದೇ ಸಲ, ಮಾವನ ಹೆಬ್ಬೆಟ್ಟು ಜಾರಿಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಬಣ್ಣ ಗಟ್ಟಿಯಾಗಲೆಂದು ನಾಲ್ಕು ದಿನ ಬಿಟ್ಟು, ಭಾನುವಾರ ಬೆಳಗ್ಗೆ ಗಂಡ ಮಾವನನ್ನು ಕರೆದರು. ಅತ್ತೆ ಬಾಗಿಲಿನಲ್ಲಿ ನಿಂತರು. ಮಾವ ಪಂಚೆ ಎತ್ತಿ ಕಟ್ಟಿ, ಕಾರಿನ ಮುಂದೆ ನಿಂತು, ಕಣ್ಣು ಮುಚ್ಚಿದರು. ಹೆಬ್ಬೆಟ್ಟು ಬಾಗಿಲಿನ ಮೇಲಂಚಿನಿಂದ ಶುರುವಾಯಿತು. ಸೀರೆಯ ಮೇಲೆ ಆಡುವ ಹಾಗೆಯೇ ಈ ಕಡೆಯಿಂದ ಆ ಕಡೆಗೆ, ಸ್ವಲ್ಪ ಇಳಿದು ಆ ಕಡೆಯಿಂದ ಈ ಕಡೆಗೆ. ಹೆಬ್ಬೆಟ್ಟು ಆ ಏರಿನ ಹತ್ತಿರ ಬಂತು. ಅದರ ಮೇಲೆ ಹಾದು ಹೋಯಿತು. ಮತ್ತೆ ವಾಪಸ್ಸು ಬಂತು, ಮತ್ತೆ ಹಾದು ಹೋಯಿತು. ಎಲ್ಲೂ ನಿಲ್ಲಲಿಲ್ಲ.

"ಸಿಗ್ಲಿಲ್ಲ ಕಣಮ್ಮ" ಎಂದರು ಮಾವ. "ಗೆದ್ದೆ ನೀನು."

ಗಂಡ ಓಡಿಹೋಗಿ ಮೊಳೆಯಿಂದ ಕೀ ತಂದು ನನ್ನ ಕೈಗಿಟ್ಟರು. ಅತ್ತೆಯೂ ನಕ್ಕು, ಕಾಫಿ ತರಲು ಒಳಗೆ ಹೋದರು. ಎಲ್ಲರಿಗೂ ಲೋಟಗಳು ಬಂದವು. ಕುದಿಯುವ ಕಾಫಿ. ನಾನು ಸೆರಗಿನಲ್ಲಿ ಹಿಡಿದುಕೊಂಡೆ, ಗಂಡ ಟವೆಲಿನಲ್ಲಿ ಹಿಡಿದುಕೊಂಡರು. ಮಾವ ಸ್ಟೀಲಿನ ಲೋಟವನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದರು. ಒಂದು ವರ್ಷದಿಂದ ಹಾಗೇ ಹಿಡಿಯುತ್ತಿದ್ದರು. "ಅಪ್ಪನ ಕೈ ಕಬ್ಬಿಣ" ಎಂದು ಗಂಡ ಹೆಮ್ಮೆಪಡುತ್ತಿದ್ದರು. ನಾನು ಮೊದಲು, ಪಾಪ ಸೊಸೆ ಕಷ್ಟಪಟ್ಟಿದ್ದಾಳೆಂದು ಮಾವ ಬಿಟ್ಟುಕೊಟ್ಟಿರಬೇಕು ಅಂದುಕೊಂಡಿದ್ದೆ. ಆ ಲೋಟ ನೋಡಿದ ಮೇಲೆ ಗೊತ್ತಾಯಿತು, ಬಿಟ್ಟುಕೊಟ್ಟದ್ದಲ್ಲ. ಮಾವನಿಗೆ ಸಕ್ಕರೆ ಕಾಯಿಲೆ ಇರುವುದು ಮನೆಗೆಲ್ಲ ತಿಳಿದಿತ್ತು. ಅದರಿಂದ ಬೆರಳಿನ ಸ್ಪರ್ಶವೇ ಸತ್ತಿರುವುದು ತಿಳಿದಿರಲಿಲ್ಲ. ವಾಪಸ್ಸು ಬಂದ ಎರಡು ಸೀರೆ ನೆನಪಾದವು. ತಲೆ ತಗ್ಗಿಸಿ ನಿಂತಿದ್ದ ಆ ಕೆಲಸಗಾರನೂ ನೆನಪಾದ. ಕಾಫಿ ಲೋಟವನ್ನು ಹಾಗೇ ಜಗಲಿಯ ಮೇಲಿಟ್ಟೆ.

ಮಧ್ಯಾಹ್ನ ಮಾವ ಶೆಡ್ಡಿನಲ್ಲಿ ಒಬ್ಬರೇ ಸೀರೆ ಮಡಿಸುತ್ತಿದ್ದಾಗ ಹೋದೆ.

"ಮಾವ, ಆ ಬಾಗಿಲಲ್ಲಿ ಒಂದು ಏರು ಇತ್ತು. ನಂಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ."

ಮಡಿಸುತ್ತಿದ್ದ ಕೈ ನಿಂತಿತು. "ನಂಗೂ ಹೇಳೋದಿತ್ತು. ನಾನೂ ಹೇಳ್ಲಿಲ್ಲ" ಅಂದರು. ಬಲಗೈ ಹೆಬ್ಬೆಟ್ಟನ್ನು ಮುಂದೆ ಚಾಚಿದರು. "ಹೋದ ಯುಗಾದಿಯಿಂದ ಇದು ಮರಗಟ್ತಾ ಬಂತು. ಈಗ ಸೂಜಿ ಚುಚ್ಚಿದ್ರೂ ಗೊತ್ತಾಗಲ್ಲ."

"ಮತ್ಯಾಕೆ ನಂಗೆ ಆ ಷರತ್ತು ಹಾಕಿದ್ರಿ?"

"ಮೂವತ್ತು ವರ್ಷದಿಂದ ಬಾಯಿಗೆ ಬರೋದು ಅದೊಂದೇ ಮಾತು. ಬಂದ್ಬಿಡ್ತು" ಎಂದರು. ಆಮೇಲೆ ಮೆಲ್ಲಗೆ, "ಯಾರಿಗೂ ಹೇಳ್ಬೇಡಮ್ಮ. ಈ ಕೈ ಇಲ್ಲ ಅಂದ್ರೆ ಇಲ್ಲಿ ನಂಗೆ ಇನ್ನೇನು ಕೆಲ್ಸ?"

ಅಯ್ಯೋ ಅನ್ನಿಸಿತು. ಮೂರು ತಿಂಗಳು ಆ ಹೆಬ್ಬೆಟ್ಟಿಗೆ ಶಾಪ ಹಾಕಿದ್ದೆ ನಾನು. ಆದರೂ ಸಿಟ್ಟು ಪೂರ್ತಿ ಹೋಗಲಿಲ್ಲ, ಯಾಕೆಂದರೆ ಮೂರನೆಯ ಮಗ್ಗ ಅಲ್ಲೇ ಎದುರಿಗಿತ್ತು. ಅದು ಆ ಕೆಲಸಗಾರನ ಮಗ್ಗ.

"ಅವನಿಗೆ ಕಳ್ಳತನ ಅಂದ್ರಿ ಮಾವ."

"ಅಂದೆ" ಎಂದರು. ತಲೆ ಎತ್ತಲಿಲ್ಲ.

"ನಾನು ಯಾರಿಗೂ ಹೇಳಲ್ಲ. ಆದ್ರೆ ಅವನಿಗೆ ನೀವೇ ಹೇಳ್ಬೇಕು. ಎಳೆ ತಪ್ಪಿಸಿದವ್ರೇ ಬಿಚ್ಬೇಕಲ್ವಾ ಈ ಮನೇಲಿ?"

ಅಂದಮೇಲೆ ನನಗೇ ಭಯವಾಯಿತು. ಮಾವನಿಗೆ ಎದುರಾಡಿದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಮಾವ ಮತ್ತೆ ಸೀರೆ ಮಡಿಸತೊಡಗಿದರು. ನಾನು ಸೊಂಟದಿಂದ ಕೀ ತೆಗೆದು ಸ್ವಿಚ್ ಬೋರ್ಡಿನ ಪಕ್ಕದ ಮೊಳೆಗೆ ವಾಪಸ್ಸು ನೇತುಹಾಕಿದೆ. "ನಂದೂ ಇನ್ನೊಂದು ಅಮಾವಾಸ್ಯೆ ಬಾಕಿ ಐತೆ" ಎಂದು ಹೇಳಿ ಹೊರಗೆ ಬಂದೆ.

ಗಂಡನಿಗೆ ತಲೆಬುಡ ತಿಳಿಯಲಿಲ್ಲ. "ಗೆದ್ದಿದ್ದೀಯಲ್ಲ, ಮತ್ಯಾಕೆ ಕೆರೀತೀಯಾ ಅದನ್ನ?" ಅಂದರು. ನನಗೆ ಸರಿಕಾಣಲಿಲ್ಲ, ಅಷ್ಟೇ, ಅಂದೆ. ಹೊಸ ಬಣ್ಣವನ್ನೆಲ್ಲ ಉಪ್ಪುಕಾಗದ ಹಾಕಿ ಇಳಿಸಿದೆ. ಆ ಏರು ಇದ್ದ ಜಾಗವನ್ನು ವಾರಗಟ್ಟಲೆ ಉಜ್ಜಿದೆ. ಒರಟು ಕಾಗದ, ನಯ ಕಾಗದ, ಇನ್ನೂ ನಯ ಕಾಗದ. ಕಣ್ಣು ಮುಚ್ಚಿ ಎಷ್ಟು ಸಲ ಮುಟ್ಟಿದೆನೋ ಲೆಕ್ಕವಿಲ್ಲ.

ಆ ತಿಂಗಳು ಮಾವ ಸೀರೆ ನೋಡಲು ಕೂತಾಗಲೆಲ್ಲ ನಾನು ಹೂ ಕಟ್ಟುವ ನೆಪದಲ್ಲಿ ಪಕ್ಕದಲ್ಲೇ ಕೂರುತ್ತಿದ್ದೆ. ಅವರು ಕೈಯಾಡಿಸಿದ ಸೀರೆಯನ್ನು ಮಡಿಸುವ ಹಾಗೆ ಮಾಡಿ ನಾನೊಮ್ಮೆ ಹೆಬ್ಬೆಟ್ಟು ಆಡಿಸುತ್ತಿದ್ದೆ. ಏನಾದರೂ ಸಿಕ್ಕರೆ ಆ ಜಾಗವನ್ನು ಮೇಲಕ್ಕೆ ಮಾಡಿ ಅವರ ತೊಡೆಯ ಮೇಲೆ ಇಡುತ್ತಿದ್ದೆ. "ಇಲ್ಲಿ ಎಳೆ ತಪ್ಪಿದೆ ನೋಡ್ರೋ" ಎಂದು ಮಾವ ಕೂಗುತ್ತಿದ್ದರು. ಒಂದು ಸೀರೆಯೂ ವಾಪಸ್ಸು ಬರಲಿಲ್ಲ.

ನಾಲ್ಕನೆಯ ಅಮಾವಾಸ್ಯೆಯ ದಿನ ಪೂಜೆ ಮುಗಿದ ಮೇಲೆ ಮಾವ ಆ ಕೆಲಸಗಾರನನ್ನು ಕರೆದು ಜಗಲಿಯ ಮೇಲೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ನಾನು ಅಂಗಳದಲ್ಲಿ ಬಾಗಿಲಿಗೆ ಪೇಪರ್ ಅಂಟಿಸುತ್ತಿದ್ದೆ, ಮಾತು ಕೇಳಿಸಲಿಲ್ಲ. ಮಾವ ಹೆಬ್ಬೆಟ್ಟು ಚಾಚಿದ್ದು ಮಾತ್ರ ಕಂಡಿತು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನಾನು ಪಂಪು ಎತ್ತಿಕೊಂಡು ಬಣ್ಣ ಹೊಡೆಯಲು ಶುರುಮಾಡಿದೆ, ಕಣ್ಣು ಮಂಜಾಗಿ ಕೈ ತಪ್ಪಿದರೆ ಕಷ್ಟ ಎಂದು ಆ ಕಡೆಗೆ ಮತ್ತೆ ತಿರುಗಲಿಲ್ಲ.

ಐದನೆಯ ದಿನ ನಾನೇ ಹೋಗಿ ಮೊಳೆಯಿಂದ ಕೀ ತೆಗೆದುಕೊಂಡೆ. ಯಾರನ್ನೂ ಕೇಳಲಿಲ್ಲ. ಅಂಗಡಿಗೆ ಸೀರೆ ಕೊಟ್ಟು ಬರುತ್ತೇವೆಂದು ನಾನೂ ಮಾವನೂ ಅತ್ತೆಗೆ ಹೇಳಿದೆವು. ಸೀರೆಯ ಗಂಟೂ ಇತ್ತು, ಅದು ಸುಳ್ಳಲ್ಲ. ಆದರೆ ನಾವು ಮೊದಲು ಹೋಗುವುದಿದ್ದುದು ಬೆಂಗಳೂರಿನ ಒಬ್ಬ ನರದ ಡಾಕ್ಟರ ಹತ್ತಿರ. ಮಾವ ಬಿಳಿ ಅಂಗಿ ಹಾಕಿಕೊಂಡು ಬಂದರು. ಗಂಟನ್ನು ಹಿಂದಿನ ಸೀಟಿಗೆ ಇಡಲು ಎಡಗಡೆಯ ಬಾಗಿಲ ಹತ್ತಿರ ಹೋದವರು ತಡೆದು ನಿಂತರು. ಅಭ್ಯಾಸಬಲದಿಂದ ಬಲಗೈ ಮುಂದೆ ಬಂತು, ಹೆಬ್ಬೆಟ್ಟು ಬಾಗಿಲಿಗೆ ತಾಕುವ ಮುಂಚೆಯೇ ಹಿಂದಕ್ಕೆ ಹೋಯಿತು.

"ಈಗ ಸರಿ ಐತಾ?" ಎಂದು ಕೇಳಿದರು.

"ಸರಿ ಐತೆ ಮಾವ."

"ನೀನು ಹೇಳಿದ್ಮೇಲೆ ಸರಿ" ಎಂದು ಬಾಗಿಲು ತೆಗೆದು, ಗಂಟು ಇಟ್ಟು, ಮುಂದೆ ಬಂದು ನನ್ನ ಪಕ್ಕದಲ್ಲಿ ಕೂತರು. ಗೇಟಿನ ಅಗುಳಿ ಇನ್ನೂ ಹಾಗೇ ಹೊರಗೆ ಚಾಚಿಕೊಂಡಿತ್ತು. ನಾನು ಅದಕ್ಕೆ ತಾಗದ ಹಾಗೆ ಸ್ಟೇರಿಂಗನ್ನು ಸ್ವಲ್ಪ ತಿರುಗಿಸಿ ಹೊರಗೆ ಬಂದೆ.